ನನ್ನ ಅನುಭವ: ಏರ್ ರೈಫಲ್‌ಗೆ ಹೊಂದುವ ಪೆಲೆಟ್ ಆರಿಸುವುದು

ಕಲಬುರಗಿಯಲ್ಲಿ 10 ಮೀಟರ್ ಏರ್ ರೈಫಲ್ ಕಲಿಯುವ ಹುಡುಗರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: "ಯಾವ್ ಪೆಲೆಟ್ ಛಲೋ ಅದಾವ್ರೀ ಸರ್?" ಪೆಲೆಟ್ ಅಂದರೆ ಏರ್ ರೈಫಲ್‌ಗೆ ಹಾಕುವ ಪುಟ್ಟ ಸೀಸದ ಗುಂಡು. ನಾನು ಕಂಪನಿ ಹೆಸರು ಹೇಳುವುದಿಲ್ಲ. ನಿನ್ನ ರೈಫಲ್‌ನ ಬ್ಯಾರೆಲ್‌ಗೆ, ಅಂದರೆ ನಳಿಕೆಗೆ, ಹೊಂದುವುದೇ ಛಲೋ ಅಂತೀನಿ.

ರೈಫಲ್‌ಗೆ ಸಾಮಾನ್ಯವಾಗಿ 0.53 ಗ್ರಾಂ ತೂಕದ, ಚಪ್ಪಟೆ ಮೂತಿಯ ಪೆಲೆಟ್ ಬಳಸುತ್ತಾರೆ. ಎಲ್ಲವನ್ನೂ 4.5 ಮಿ.ಮೀ. ಅಂತ ಕರೆದರೂ ಡಬ್ಬಿ ಮೇಲೆ ತಲೆಯ ಅಳತೆ 4.49, 4.50, 4.51 ಅಂತ ಬೇರೆ ಬೇರೆ ಇರುತ್ತದೆ. ಪಕ್ಕದಲ್ಲಿ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ಗುರುತು. ಅದನ್ನು ಯಾರೂ ನೋಡುವುದೇ ಇಲ್ಲ! ಕಂಪನಿ, ತೂಕ, ಅಳತೆ ಎಲ್ಲ ಒಂದೇ ಇದ್ದರೂ ಲಾಟ್ ಬದಲಾದರೆ ಗುಂಡು ಬೀಳುವ ಗುಂಪು ಅಗಲ ಆಗಬಹುದು. ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ಅಲ್ವಾ, ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಬೆಲೆ ಇದೆ.

ಹಾಗಾಗಿ ಮೊದಲು ಬೇರೆ ಬೇರೆ ಲಾಟ್‌ನ ಒಂದೊಂದೇ ಡಬ್ಬಿ ತರಿಸುತ್ತೇನೆ. ಪರೀಕ್ಷೆಯಲ್ಲಿ ನನ್ನ ಕೈ ಅಲುಗಾಟ ಸೇರಬಾರದು. ಅದಕ್ಕೆ ಮನೆಯ ಉದ್ದನೆಯ ಪಡಸಾಲೆಯಲ್ಲಿ ಇಟ್ಟಿಗೆ ಕಟ್ಟೆ ಕಟ್ಟಿ, ಮೇಲೆ ದಪ್ಪ ಶಹಾಬಾದಿ ಫರಸಿ ಕೂರಿಸಿ, ಅದಕ್ಕೆ ವೈಸ್ (ವಸ್ತುವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಕಬ್ಬಿಣದ ಇಕ್ಕಳ) ಬೋಲ್ಟ್ ಮಾಡಿದ್ದೇನೆ. ಕಟ್ಟಿಗೆ ಟೇಬಲ್‌ಗಿಂತ ಇದು ಎಷ್ಟೋ ವಾಸಿ, ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ. ರೈಫಲ್‌ನ ಹಿಡಿ ಬಿಚ್ಚಿ, ವೈಸ್‌ನ ಬಾಯಿಗೆ ಚರ್ಮ ಇಟ್ಟು, ಬ್ಯಾರೆಲ್‌ಗೆ ತಾಗದಂತೆ ಬಿಗಿಯುತ್ತೇನೆ. ಆಚೆ ತುದಿಗೆ ಪೆಲೆಟ್ ತಡೆದು ಹಿಡಿಯುವ ಉಕ್ಕಿನ ಡಬ್ಬ. ಆ ಹೊತ್ತಿನಲ್ಲಿ ಪಡಸಾಲೆಯ ಬಾಗಿಲುಗಳಿಗೆ ಚಿಲಕ, ಯಾರೂ ಅಡ್ಡ ಬರುವಂತಿಲ್ಲ.

ಲಾಟ್ ಬದಲಿಸಿದಾಗ ಮೊದಲ ಕೆಲವು ಹೊಡೆತ ಲೆಕ್ಕಕ್ಕಿಲ್ಲ. ಹಿಂದಿನ ಪೆಲೆಟ್‌ನ ಸೀಸ ಬ್ಯಾರೆಲ್‌ನಲ್ಲಿ ಇನ್ನೂ ಅಂಟಿರುತ್ತದೆ. ಆಮೇಲೆ ಒಂದೇ ಜಾಗಕ್ಕೆ ಹತ್ತು ಹೊಡೆತ. ತೂತಿನ ಹೊರ ಅಂಚಿನಿಂದ ಅಂಚಿಗೆ ಕ್ಯಾಲಿಪರ್ ಹಿಡಿದು ಅಳೆಯುತ್ತೇನೆ. ಪೆಲೆಟ್ಟೇ 4.5 ಮಿ.ಮೀ. ಇರುವಾಗ, ಹತ್ತೂ ಸೇರಿ 6 ಮಿ.ಮೀ. ಒಳಗೆ ಬಂದರೆ ನನಗೆ ಖುಷಿ. 7 ದಾಟಿದರೆ ಆ ಲಾಟ್ ಬೇಡ. ಒಂದು ಗುಂಪು ಚೆನ್ನಾಗಿ ಬಂತು ಅಂತ ನಂಬುವುದಿಲ್ಲ, ಇನ್ನೂ ಕೆಲವು ಗುಂಪು ಹೊಡೆದೇ ತೀರ್ಮಾನ.

ಗೆದ್ದ ಲಾಟ್ ಎಷ್ಟು ಡಬ್ಬಿ ಸಿಗುತ್ತದೋ ಅಷ್ಟೂ ಒಟ್ಟಿಗೆ ಕೊಳ್ಳುತ್ತೇನೆ. ಕೊರಿಯರ್‌ನವರು ಎತ್ತಿ ಹಾಕಿದರೆ ಮೆತ್ತನೆ ಸೀಸದ ಪೆಲೆಟ್‌ನ ಹಿಂಬದಿ ಲಂಗ ನೆಗ್ಗುತ್ತದೆ. ಅಂಥವನ್ನು ಬೆಳಕಿಗೆ ಹಿಡಿದು ಆರಿಸಿ ಅಭ್ಯಾಸಕ್ಕೆ ತೆಗೆದಿಡಬೇಕು.

ಕಾನೂನಿನ ಮಾತೂ ಗೊತ್ತಿರಲಿ. ಏರ್ ಗನ್ನಿನ ಬೋರ್ (ನಳಿಕೆಯ ಒಳ ಅಗಲ) 4.5 ಮಿ.ಮೀ. ದಾಟಿದರೆ ಅಥವಾ ಹೊರಬೀಳುವ ಗುಂಡಿನ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕು. ನಮ್ಮ ಮ್ಯಾಚ್ ರೈಫಲ್‌ನದು 7.5 ಜೂಲ್ ಆಸುಪಾಸು.

ಕೆಲಸ ಮುಗಿದ ಮೇಲೆ ಪಡಸಾಲೆಯನ್ನು ಪೊರಕೆಯಿಂದ ಗುಡಿಸಬೇಡಿ, ಸೀಸದ ಪುಡಿ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಸೋಪು ಹಚ್ಚಿ ಕೈ ತೊಳೆಯದೆ ಚಹಾದ ಕಪ್ಪು ಕೂಡ ಮುಟ್ಟಬೇಡಿ.