ಅಡ್ಡಬಾಯಿ ಹಾಕದೆ ಮಾತನಾಡುವ ಬಗೆ

ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ತೊಡಗುವ ನಡುವಿನ ಬಿಡುವು ಬಹಳ ಕಿರಿದು. ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರಶ್ನೆಗೂ ಉತ್ತರಕ್ಕೂ ನಡುವಣ ಆ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಇತ್ತು. ಒಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದರಿಂದ, ಎದುರಿನವರು ಮಾತನಾಡುತ್ತಿರುವಾಗಲೇ ನಾವು ಉತ್ತರವನ್ನು ಸಿದ್ಧಪಡಿಸಿಕೊಂಡು, ಅವರ ಮಾತು ಎಲ್ಲಿ ನಿಲ್ಲಬಹುದೆಂದು ಊಹಿಸುತ್ತಿರುತ್ತೇವೆ. ನಾವು ಅಡ್ಡಬಾಯಿ ಹಾಕುವುದು ಅನೇಕ ವೇಳೆ ಅಹಂಕಾರದಿಂದಲ್ಲ, ಈ ಊಹೆ ತಪ್ಪುವುದರಿಂದ.

ಕನ್ನಡದಲ್ಲಿ ಈ ತಪ್ಪು ದುಬಾರಿಯಾಗುತ್ತದೆ, ಏಕೆಂದರೆ ಹೌದು ಅಲ್ಲಗಳು ವಾಕ್ಯದ ತುದಿಯಲ್ಲಿರುತ್ತವೆ. “ಆ ಕೆಲಸವನ್ನು ನಿಮಗೆ ಒಪ್ಪಿಸಬಾರದೆಂದು ನಾನು” ಎಂಬಲ್ಲಿಗೆ ತಡೆದವರು ಸಿಟ್ಟಾಗುತ್ತಾರೆ; “ಹೇಳಲೇ ಇಲ್ಲ” ಎಂಬ ಉಳಿದ ಮಾತು ಅವರ ಕಿವಿಗೆ ಬೀಳುವುದೇ ಇಲ್ಲ. ಆದ್ದರಿಂದ ಮೊದಲ ಅಭ್ಯಾಸ ಇದಾಗಿರಲಿ: ಕ್ರಿಯಾಪದ ಬಂದು, ದನಿ ಇಳಿದು, ಒಂದು ಉಸಿರಿನಷ್ಟು ಹೊತ್ತು ಕಳೆದ ಮೇಲೆ ಬಾಯಿ ತೆರೆಯಿರಿ. ವಿಡಿಯೊ ಕರೆಯಲ್ಲಿ ಧ್ವನಿ ತುಸು ತಡವಾಗಿ ತಲುಪುವುದರಿಂದ ಇನ್ನೂ ಸ್ವಲ್ಪ ಹೆಚ್ಚು ಕಾಯಬೇಕು. ಹೇಳಬೇಕಾದದ್ದು ಮರೆತುಹೋಗುವ ಭಯವಿದ್ದರೆ ಒಂದು ಪದವನ್ನು ಬರೆದಿಟ್ಟುಕೊಳ್ಳಿ. ಆ ಭಯವೇ ಅರ್ಧದಷ್ಟು ಅವಸರಕ್ಕೆ ಕಾರಣವೆಂಬುದು ನನ್ನ ಅನುಭವ.

ಇಬ್ಬರ ದನಿ ಒಟ್ಟಿಗೆ ಕೇಳಿಸಿದ ಮಾತ್ರಕ್ಕೆ ಅದು ತಡೆಯಲ್ಲ. ಹೂಂಗುಟ್ಟುವುದು, ತಡಕಾಡುತ್ತಿರುವವರಿಗೆ ಪದವೊಂದನ್ನು ಒದಗಿಸುವುದು, ಸಂತೋಷದಿಂದ “ಹೌದು ಹೌದು” ಎನ್ನುವುದು ಮಾತಿಗೆ ಆಸರೆಯಾಗುತ್ತವೆ. ನೀವು ನಡುವೆ ಆಡಿದ ಮಾತಿನ ನಂತರ ವಿಷಯ ಯಾರ ಕೈಯಲ್ಲಿ ಉಳಿಯಿತು ಎಂಬುದನ್ನು ಗಮನಿಸಿ. ಅದು ಮೊದಲು ಮಾತನಾಡುತ್ತಿದ್ದವರ ಬಳಿಯೇ ಉಳಿದಿದ್ದರೆ ತೊಂದರೆಯಿಲ್ಲ. ನಿಮ್ಮ ಕಡೆಗೆ ಬಂದಿದ್ದರೆ, “ನೀವು ಹೇಳುತ್ತಿದ್ದುದನ್ನು ಮುಗಿಸಿ” ಎಂದು ತಕ್ಷಣ ಹಿಂದಿರುಗಿಸಿ.

ನಿಮ್ಮ ಮಾತನ್ನೇ ಯಾರಾದರೂ ತುಂಡರಿಸಿದಾಗ ದನಿ ಏರಿಸಬೇಡಿ, ಏರಿಸಿದರೆ ಅವರೂ ಏರಿಸುತ್ತಾರೆ. “ಈ ಒಂದು ಮಾತು ಮುಗಿಸಿಬಿಡುತ್ತೇನೆ” ಎಂದು ಅದೇ ದನಿಯಲ್ಲಿ ಹೇಳಿ, ನಿಂತ ಪದದಿಂದಲೇ ಮುಂದುವರಿಯಿರಿ. “ಮೂರು ವಿಷಯಗಳಿವೆ” ಎಂದು ಆರಂಭದಲ್ಲೇ ಎಣಿಕೆ ಕೊಡುವುದು ಇನ್ನೂ ಒಳ್ಳೆಯದು, ವೈದ್ಯರ ಬಳಿಯಂತೂ ಅಗತ್ಯ. 1984ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗಿ ತೊಂದರೆ ಹೇಳತೊಡಗಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ತಡೆದಿದ್ದರು. ಎಷ್ಟು ತೊಂದರೆಗಳಿವೆ ಎಂದು ಮೊದಲೇ ತಿಳಿದ ವೈದ್ಯರು, ಮೊದಲನೆಯದರಲ್ಲೇ ನಿಂತುಬಿಡುವ ಸಂಭವ ಕಡಿಮೆ.

ಸಭೆಯಲ್ಲಿ ತಡೆಗೊಳಗಾದವರು ತಾವೇ ಹೋರಾಡುವುದಕ್ಕಿಂತ ಮೂರನೆಯವರು “ಅವರ ಮಾತು ಅರ್ಧಕ್ಕೆ ನಿಂತಿತು, ಮುಗಿಸಲಿ” ಎನ್ನುವುದು ಹೆಚ್ಚು ಫಲ ಕೊಡುತ್ತದೆ. ಆ ಮೂರನೆಯವರು ನೀವಾಗಿ. ಇದಕ್ಕೆ ಅಧ್ಯಕ್ಷಸ್ಥಾನ ಬೇಕಿಲ್ಲ. ದೂರದರ್ಶನದ ಚರ್ಚೆಗಳಲ್ಲಿ ನಿರೂಪಕರು ಈ ಕರ್ತವ್ಯವನ್ನು ಬಿಟ್ಟುಕೊಟ್ಟಾಗ ಉಪಕರಣದ ಮೊರೆ ಹೋಗಬೇಕಾಗುತ್ತದೆ. ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಮೊದಲ ಚರ್ಚೆ ಅಡ್ಡಮಾತುಗಳಿಂದ ಕೆಟ್ಟುಹೋದ ಮೇಲೆ, 2020ರ ಅಕ್ಟೋಬರ್ 22ರ ಚರ್ಚೆಯಲ್ಲಿ ಪ್ರತಿ ವಿಷಯದ ಆರಂಭಕ್ಕೆ ಒಬ್ಬರಿಗೆ ಕೊಟ್ಟ 2 ನಿಮಿಷ ಮುಗಿಯುವ ತನಕ ಇನ್ನೊಬ್ಬರ ಮೈಕನ್ನು ಆಫ್ ಮಾಡಿಡಲಾಗಿತ್ತು.

ಕೆಲಸದ ನಡುವೆ ಫೋನ್ ಅಥವಾ ಸಹೋದ್ಯೋಗಿ ಕರೆದಾಗ, ಓಗೊಡುವ ಮೊದಲು ಒಂದು ಸಾಲು ಬರೆದಿಡಿ: ಎಲ್ಲಿಗೆ ಬಂದಿದ್ದೆ, ಮುಂದೇನು ಮಾಡಬೇಕು. ಬಂದವರಿಗೆ “ಅರ್ಧ ನಿಮಿಷ” ಎಂದರೆ ಸಾಕು. ಹಾಗೆ ಬರೆದಿಟ್ಟ ಮೇಲೆ ಅವರ ಮಾತನ್ನು ಮನಸ್ಸಿಟ್ಟು ಕೇಳಲು ಸಾಧ್ಯವಾಗುತ್ತದೆ, ಹಿಂದಿರುಗಿದಾಗ ಕೆಲಸದ ಎಳೆಯನ್ನು ಹುಡುಕಬೇಕಾಗುವುದೂ ಇಲ್ಲ.