ಅಲಾಯ್ ವ್ಹೀಲ್ ಕೊಳ್ಳಲು ಹೋಗುವಾಗ ಜೇಬಲ್ಲೊಂದು ವರ್ನಿಯರ್ ಇರಲಿ

ಎರಡು ವರ್ಷದ ಹಿಂದೆ ನನ್ನ ಸ್ವಿಫ್ಟ್‌ಗೆ 16 ಇಂಚಿನ ಅಲಾಯ್ ಹಾಕಿಸಿದೆ. ಕಪ್ಪು ಬಣ್ಣ, ಅಂಚಿಗೆ ಬೆಳ್ಳಿ ಗೆರೆ. ನಮ್ಮ ಬೆಳಗಾವಿಯ ಟಿಳಕವಾಡಿಯ ಓಣಿಗಳಲ್ಲಿ ಓಡಿಸುವಾಗ ಎಲ್ಲಾ ಚೆಂದವೇ ಇತ್ತು. ಹೈವೇ ಹತ್ತಿ ಕಾಕತಿ ದಾಟಿ ವೇಗ 80 ಮುಟ್ಟಿದ್ದೇ ತಡ, ಸ್ಟೇರಿಂಗ್ ಗಡಗಡ ನಡುಗಲು ಶುರುವಾಯಿತು. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ. ದುಡ್ಡು ಹೋಯಿತು, ನಡುಕ ಹೋಗಲಿಲ್ಲ. ಕೊನೆಗೆ ಉದ್ಯಮಬಾಗಿನಲ್ಲಿ ಲೇತ್ ಮಶೀನ್ ಇಟ್ಟಿರುವ ಗೆಳೆಯ ಚಕ್ರ ಬಿಚ್ಚಿಸಿ, ನಡುವಿನ ತೂತಿಗೆ ವರ್ನಿಯರ್ (ಮಿಲಿಮೀಟರಿನ ಸಣ್ಣ ಭಾಗವನ್ನೂ ಅಳೆಯುವ ಸಾಧನ) ಇಟ್ಟ. 73.1 ಮಿ.ಮೀ. ಬಂತು. ಗಾಡಿಯ ಹಬ್‌ಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ ಇಟ್ಟ. 54.1. "ಕೊಡದ ಬಾಯಿಗೆ ತಂಬಿಗಿ ಮುಚ್ಚಳ ಇಟ್ಟಂಗಾತಲ್ಲೋ" ಅಂತ ನಕ್ಕ. ಅಂಗಡಿಯವನು ಇದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬಣ್ಣ ಮಾತ್ರ ಕೇಳಿದ್ದೆ.

ನಿಮಗೆ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ದೊಡ್ಡ ಸೈಜಿನ ಆಸೆ ಬಿಡಿ. ನನ್ನ ಅಕ್ಕನ ಮಗ ಕೆನಡಾದ ಕ್ಯುಬೆಕ್‌ನಲ್ಲಿದ್ದಾನೆ. ಅಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಇಲ್ಲದೆ ಗಾಡಿ ರಸ್ತೆಗೆ ಇಳಿಸುವಂತಿಲ್ಲ, ಕಾನೂನೇ ಇದೆ. 7 ಡಿಗ್ರಿಗಿಂತ ಚಳಿಯಾದರೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದಂತೆ. ಪ್ರತಿ ವರ್ಷ ಟೈರ್ ಬಿಚ್ಚಿ ಕಟ್ಟುವ ರಗಳೆ ಬೇಡವೆಂದು ಅವನು ಎರಡನೇ ಸೆಟ್ ರಿಮ್ಮನ್ನೇ ಇಟ್ಟುಕೊಂಡಿದ್ದಾನೆ. ಆ ರಿಮ್ ಕಂಪನಿ ಕೊಟ್ಟಿದ್ದಕ್ಕಿಂತ ಒಂದು ಇಂಚು ಚಿಕ್ಕದು! ರಿಮ್ ಚಿಕ್ಕದಾದರೆ ಟೈರಿನ ಗೋಡೆ ಎತ್ತರವಾಗುತ್ತದೆ, ಗುಂಡಿಗೆ ಬಿದ್ದರೆ ಪೆಟ್ಟು ಟೈರ್ ತಿನ್ನುತ್ತದೆ, ರಿಮ್ ಬಚಾವ್. ಟೈರ್ ಸ್ವಲ್ಪ ಸಪೂರ ಇದ್ದರೆ ಕರಗಿದ ಹಿಮವನ್ನು ಸೀಳಿಕೊಂಡು ಹೋಗುತ್ತದೆ. ನಮ್ಮಲ್ಲಿ ಹಿಮ ಎಲ್ಲಿಂದ ಬರಬೇಕು, ಅಲ್ವಾ? ಆದರೆ ಜುಲೈನಲ್ಲಿ ಜಾಂಬೋಟಿ ದಾಟಿ ಚೋರ್ಲಾ ಘಾಟಿಗೆ ಹೋಗಿ ನೋಡಿ. ಗುಂಡಿ ಅದೇ, ರಸ್ತೆ ಮೇಲೆ ನಿಂತ ನೀರೂ ಅದೇ. ಮಳೆ ಮುಗಿದರೆ ಕಬ್ಬಿನ ಸೀಸನ್, ಟ್ರ್ಯಾಲಿಗಳು ತುಳಿದು ಬಿಟ್ಟ ರಸ್ತೆ. ಅದಕ್ಕೇ ನಾನು ಹೇಳುವುದು, ಕಂಪನಿ ಸೈಜಿನಲ್ಲೇ ಇರಿ. ಚಿಕ್ಕದು ಹಾಕುವುದಾದರೆ ಬ್ರೇಕ್ ಕ್ಯಾಲಿಪರ್‌ಗೆ (ಡಿಸ್ಕನ್ನು ಹಿಡಿಯುವ ಭಾಗಕ್ಕೆ) ರಿಮ್ ತಾಗುವುದಿಲ್ಲ ಅಂತ ಹಾಕಿ ನೋಡಿಯೇ ಖಾತ್ರಿ ಮಾಡಿಕೊಳ್ಳಿ.

ಇನ್ನು ಅಳತೆಗೆ ಬರೋಣ. ಟೈರಿನ ಮೇಲೆ 185/65 ಆರ್15 ಅಂತ ಇದ್ದರೆ 185 ಮಿ.ಮೀ. ಅಗಲ, ಅದರ ನೂರಕ್ಕೆ 65 ಗೋಡೆಯ ಎತ್ತರ, 15 ರಿಮ್ಮಿನ ಇಂಚು. ಎರಡು ಕಡೆಯ ಗೋಡೆ ಕೂಡಿಸಿದರೆ 240.5, ರಿಮ್ 381, ಒಟ್ಟು 621.5 ಮಿ.ಮೀ. ಎತ್ತರದ ಚಕ್ರ. ಹಠ ಮಾಡಿ 16ಕ್ಕೆ ಹೋಗುವವರು 195/55 ತಗೊಂಡರೆ ಒಟ್ಟು 620.9, ಅಂದರೆ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ನೂರಕ್ಕೆ 3ರೊಳಗೆ ಇರಲಿ. ಚಕ್ರ ದೊಡ್ಡದಾದರೆ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲು ಶುರುಮಾಡುತ್ತದೆ.

ಮುಂದಿನದು ಪಿಸಿಡಿ (ಪಿಚ್ ಸರ್ಕಲ್ ಡಯಾಮೀಟರ್). ಬೋಲ್ಟ್‌ಗಳ ನಡುಮಧ್ಯದ ಮೂಲಕ ಹಾದುಹೋಗುವ ವೃತ್ತದ ಅಡ್ಡಳತೆ ಅಷ್ಟೇ. ನಾಲ್ಕು ಬೋಲ್ಟಿನ ಗಾಡಿಯಲ್ಲಿ ಎದುರುಬದುರಿನ ಎರಡು ಬೋಲ್ಟ್‌ಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದರೆ ಆಯಿತು. ಸ್ವಿಫ್ಟ್, ಐ20ಗೆ 100 ಮಿ.ಮೀ. ಐದು ಬೋಲ್ಟಿದ್ದರೆ ಎದುರು ಬೋಲ್ಟೇ ಇರುವುದಿಲ್ಲ. ಪಕ್ಕಪಕ್ಕದ ಎರಡರ ಅಂತರ ಅಳೆದು 1.7ರಿಂದ ಗುಣಿಸಿ. 67.2 ಬಂದರೆ ಅದು 114.3, ಕ್ರೆಟಾ ಮತ್ತು ಇನ್ನೋವಾದ ಅಳತೆ. ಒಂದೆರಡು ಮಿಲಿಮೀಟರ್ ಆಚೀಚೆ ಇದ್ದರೂ "ನಟ್ಟು ಬಿಗಿ ಮಾಡಿದ್ರ ಕೂತ್ಕೊಂತೈತ್ರಿ" ಅನ್ನುವವರಿದ್ದಾರೆ. ಕೂರುತ್ತದೆ, ನಿಜ. ಬೋಲ್ಟ್ ಬಾಗಿ ಕೂರುತ್ತದೆ, ಆಮೇಲೊಂದು ದಿನ ಮುರಿಯುತ್ತದೆ. ಅಂಥ ಅಂಗಡಿಯಿಂದ ಎದ್ದು ಬನ್ನಿ.

ನಾನು ಸಿಕ್ಕಿಬಿದ್ದಿದ್ದು ನಡುವಿನ ತೂತಿನಲ್ಲಿ. ಕಂಪನಿ ಚಕ್ರ ಹಬ್ ಮೇಲೆ ಬಿಗಿಯಾಗಿ ಕೂತು ತಾನಾಗಿ ನಟ್ಟನಡುವೆ ನಿಲ್ಲುತ್ತದೆ. ಹೊರಗೆ ಸಿಗುವ ಅಲಾಯ್‌ಗಳು ಹತ್ತಾರು ಗಾಡಿಗೆ ಆಗಲಿ ಅಂತ ತೂತು ದೊಡ್ಡದು ಬಿಟ್ಟಿರುತ್ತಾರೆ. ಬರೀ ನಟ್ಟುಗಳ ಭರವಸೆ ಮೇಲೆ ಕೂರಿಸಿದರೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುತ್ತದೆ. ಬ್ಯಾಲೆನ್ಸಿಂಗ್ ಮಶೀನು ತನ್ನದೇ ಕೋನ್ ಹಾಕಿ ಚಕ್ರವನ್ನು ನಡುವಿಗೆ ಹಿಡಿಯುವುದರಿಂದ ಅಲ್ಲಿ ಸೊನ್ನೆ ತೋರಿಸುತ್ತದೆ, ಗಾಡಿಗೆ ಹಾಕಿದರೆ ಮತ್ತೆ ನಡುಕ. ಮೂರು ಸಲ ಸುಮ್ನೆ ದುಡ್ಡು ಕೊಟ್ಟೆ ಅಂತ ಆಗ ಗೊತ್ತಾಯಿತು. ಇದಕ್ಕೆ ಮದ್ದು ಹಬ್ ರಿಂಗ್, ಅಂದರೆ ಆ ಸಂದು ತುಂಬುವ ಬಳೆ. ಹೊರಗೆ 73.1, ಒಳಗೆ 54.1. ಪ್ಲಾಸ್ಟಿಕ್ಕಿನದೂ ಸಿಗುತ್ತದೆ, ಆದರೆ ಘಾಟಿ ಇಳಿಯುವಾಗ ಬ್ರೇಕು ಕಾಯುವ ಪರಿ ನೋಡಿದರೆ ನನಗೆ ಅದರ ಮೇಲೆ ನಂಬಿಕೆ ಇಲ್ಲ. ಗೆಳೆಯ ಅಲ್ಯೂಮಿನಿಯಂ ತುಂಡಿನಿಂದ ನಾಲ್ಕು ರಿಂಗ್ ತಿರುವಿ ಕೊಟ್ಟ. ತುಕ್ಕು ಹಿಡಿದು ಅಂಟಿಕೊಳ್ಳದಿರಲಿ ಅಂತ ತೆಳ್ಳಗೆ ಗ್ರೀಸ್ ಸವರಿ ಹಾಕಿದೆವು. ಅವತ್ತೇ ಸಂಕೇಶ್ವರದವರೆಗೆ ಹೋಗಿ ಬಂದೆ. ಸ್ಟೇರಿಂಗ್ ಅಲುಗಲಿಲ್ಲ.

ಆಫ್‌ಸೆಟ್ ಅಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನುವುದು. ರಿಮ್ ಮೇಲೆ ಇಟಿ 45 ಅಂತ ಅಚ್ಚಾಗಿರುತ್ತದೆ. 6ಜೆ (ಅಂದರೆ 6 ಇಂಚು ಅಗಲ) ಇಟಿ 45 ತೆಗೆದು 7ಜೆ ಇಟಿ 35 ಹಾಕಿದಿರಿ ಅಂದುಕೊಳ್ಳಿ. ಅಗಲ ಒಂದು ಇಂಚು ಹೆಚ್ಚಿದ್ದರಲ್ಲಿ ಅರ್ಧ ಹೊರಗೆ, ಅಂದರೆ 12.7. ಆಫ್‌ಸೆಟ್ ಇಳಿದದ್ದಕ್ಕೆ ಇನ್ನೂ 10. ಚಕ್ರ ಹತ್ತಿರ ಹತ್ತಿರ 23 ಮಿ.ಮೀ. ಹೊರಗೆ ಬಂತು. ಅಂಗಡಿ ಮುಂದೆ ಗಾಡಿ ಖಾಲಿ ನಿಂತಾಗ ಏನೂ ಗೊತ್ತಾಗುವುದಿಲ್ಲ. ಮನೆಮಂದಿ ಐದು ಜನ, ಬುತ್ತಿ ಗಂಟು ಎಲ್ಲಾ ತುಂಬಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೊರಟಾಗ ಪ್ರತಿ ರೋಡ್ ಹಂಪ್‌ಗೂ ಟೈರು ಫೆಂಡರಿಗೆ (ಚಕ್ರದ ಮೇಲಿನ ತಗಡಿಗೆ) ತಿಕ್ಕುತ್ತದೆ. ವ್ಹೀಲ್ ಬೇರಿಂಗ್ ಮೇಲೂ ಭಾರ ಜಾಸ್ತಿ. ಸಾಧ್ಯವಾದಷ್ಟು ಕಂಪನಿ ಆಫ್‌ಸೆಟ್‌ಗೆ ಹತ್ತಿರದ್ದೇ ಹುಡುಕಿ. ಇನ್ನೊಂದು ಮಾತು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಒಪ್ಪುವುದಿಲ್ಲ. ವಿಮೆಯವರಿಗೂ ಒಂದು ಮಾತು ತಿಳಿಸಿಬಿಡಿ.

ಈಗ ರಿಮ್ಮನ್ನು ತಿರುಗಿಸಿ ಹಿಂಬದಿ ನೋಡಿ. ಮುಂದಿನ ಮುಖ ಎಲ್ಲದ್ದೂ ಚೆಂದವೇ ಇರುತ್ತದೆ, ಬಂಡವಾಳ ಇರುವುದು ಹಿಂದೆ. ಐಎಸ್ಐ ಗುರುತು ಇದೆಯೇ? ಎಷ್ಟು ಕೆಜಿ ಹೊರುತ್ತದೆ ಅಂತ ಅಚ್ಚೊತ್ತಿದ್ದಾರೆಯೇ? ಗಾಡಿಯ ಒಂದು ಆ್ಯಕ್ಸಲ್ಲಿಗೆ ಹಾಕಬಹುದಾದ ಗರಿಷ್ಠ ಭಾರದ ಅರ್ಧಕ್ಕಿಂತ ಆ ಅಂಕಿ ಜಾಸ್ತಿ ಇರಬೇಕು. ಜಪಾನಿನ ಅಲಾಯ್ ಗುಣಮಟ್ಟದ ಜೆಡಬ್ಲ್ಯುಎಲ್, ವಿಐಎ ಗುರುತು ಇದ್ದರೆ ಒಳ್ಳೆಯದು, ಆದರೆ ಸುಳ್ಳು ಅಚ್ಚು ಹಾಕುವವರೂ ಇದ್ದಾರೆ. ನಮ್ಮೂರಲ್ಲಿ ಫೌಂಡ್ರಿ ಕೆಲಸ ಗೊತ್ತಿರುವವರಿಗೇನು ಬರ, ಒಬ್ಬರನ್ನು ಕರೆದುಕೊಂಡೇ ಹೋಗಿ. ಎರಕ ಸರಿಯಾಗದೆ ಗಾಳಿಗುಳ್ಳೆ ಉಳಿದಿದ್ದರೆ ಅವರ ಕಣ್ಣಿಗೆ ಬೇಗ ಬೀಳುತ್ತದೆ. ಬಿರುಕಿಗೆ ವೆಲ್ಡಿಂಗ್ ಮಾಡಿ ಪೇಂಟ್ ಹೊಡೆದ ಸೆಕೆಂಡ್‌ಹ್ಯಾಂಡ್ ಅಲಾಯ್ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ವೆಲ್ಡಿಂಗ್ ಬಿಸಿಗೆ ಅಲ್ಯೂಮಿನಿಯಂಗೆ ಕೊಟ್ಟ ಹದವೇ ಹೋಗಿರುತ್ತದೆ. ಸ್ಟೀಲ್ ರಿಮ್ ಬಾಗುತ್ತದೆ, ಬಡಿದು ನೇರ ಮಾಡಬಹುದು. ಅಲಾಯ್ ಪೆಟ್ಟು ಜೋರಾದರೆ ಸೀಳುತ್ತದೆ.

ನಟ್ಟಿನ ವಿಷಯ ಚಿಕ್ಕದು, ಆದರೆ ಎಡವುವವರು ಇಲ್ಲೇ ಜಾಸ್ತಿ. ಹೊರಗಿನ ಅಲಾಯ್‌ಗೆ ಸಾಮಾನ್ಯವಾಗಿ ಕೋನಾಕಾರದ ನಟ್ಟು ಬೇಕು. ಹೋಂಡಾದ ಕಂಪನಿ ನಟ್ಟಿನ ತುದಿ ಗುಂಡಗಿರುತ್ತದೆ, ಅದನ್ನೇ ಹಾಕಿದರೆ ಅಂಚಿನಲ್ಲಷ್ಟೇ ತಾಗಿ ಸಡಿಲಾಗುತ್ತದೆ. ಪೋಲೋಗೆ ನಟ್ಟೇ ಇಲ್ಲ, ಬೋಲ್ಟು. ಸುಜುಕಿಯ ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ಅಂತರ) 1.25 ಮಿ.ಮೀ., ಹ್ಯುಂಡೈ ಮತ್ತು ಟೊಯೋಟಾದ್ದು 1.5. ತಪ್ಪು ನಟ್ಟನ್ನು ನಟ್ಟು ಬಿಗಿಯುವ ಗನ್ ಹಿಡಿದು ತುರುಕಿದರೆ ಥ್ರೆಡ್ ಹಾಳು. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲೇ (ಎಷ್ಟು ಬಿಗಿ ಅಂತ ಅಳೆಯುವ ಪಾನಾ) ಆಗಲಿ, ಮ್ಯಾನುವಲ್‌ನಲ್ಲಿ ಬರೆದಷ್ಟೇ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿ.

ನನ್ನ ಆ 16 ಇಂಚಿನ ಸೆಟ್ ಏನಾಯಿತು ಅಂತೀರಾ? ಮರುವರ್ಷದ ಮಳೆಯಲ್ಲಿ ಖಾನಾಪುರ ರಸ್ತೆಯ ಒಂದು ಗುಂಡಿ ಒಂದರ ಅಂಚು ತಿಂದಿತು. ಉಳಿದ ಮೂರನ್ನು ಮಾರಿ 15ಕ್ಕೆ ವಾಪಸ್ ಬಂದಿದ್ದೇನೆ. ಸ್ಟೆಪ್ನಿ ಮಾತ್ರ ಮೊದಲಿನಿಂದಲೂ ಕಂಪನಿಯ ಸ್ಟೀಲ್ ರಿಮ್ಮೇ. ಅದಕ್ಕೆ ಹೊಸ ನಟ್ಟು ಸರಿಯಾಗಿ ಕೂರದಿರಬಹುದು, ಹಾಗಾಗಿ ಹಳೆಯ ನಾಲ್ಕು ನಟ್ಟನ್ನು ಒಂದು ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಜ್ಯಾಕಿನ ಪಕ್ಕ ಇಟ್ಟಿದ್ದೇನೆ. ನೀವೂ ಇಟ್ಟುಕೊಳ್ಳಿ. ಘಾಟಿಯಲ್ಲಿ ರಾತ್ರಿ ಮಳೆಗೆ ಪಂಕ್ಚರ್ ಆದರೆ ನಟ್ಟು ಕೊಡುವ ಅಂಗಡಿ ಅಲ್ಲಿ ಒಂದೂ ಇಲ್ಲ.