ಹೊಸ ಗ್ಯಾಸ್ ಕಟ್ಟೆಯ ಮೇಲೆ ಗೆರೆ ಕಂಡರೆ

ಗೃಹಪ್ರವೇಶ ಆಗಿ ಐದನೇ ದಿನ. ಬಾಗಲಕೋಟೆ ನವನಗರದ ನಮ್ಮ ಹೊಸ ಮನೆಯಲ್ಲಿ ಅವತ್ತೇ ಮೊದಲ ಸಲ ಜೋಳದ ರೊಟ್ಟಿ ಬಡಿದೆ. ಕಟ್ಟೆಯ ಮೇಲೇ ಬಡಿಯುವುದು ನನ್ನ ರೂಢಿ. ಮುಗಿಸಿ ಒಣ ಬಟ್ಟೆಯಿಂದ ಹಿಟ್ಟು ಒರೆಸಿದೆ. ಎಲ್ಲಾ ಹೋಯಿತು, ಸಿಂಕಿನ ಮೂಲೆಯಲ್ಲಿ ಮಾತ್ರ ಕೂದಲೆಳೆಯಷ್ಟು ಬಿಳಿ ಗೆರೆ ಉಳಿಯಿತು. ಕೆಂಪು ಇಳಕಲ್ ಗ್ರಾನೈಟ್ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಹಾಗೆ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವಳ ಕಣ್ಣಿಗೆ ಅದು ಬೀಳದೆ ಇರುತ್ತಾ?

ಕಲ್ಲು ಕೂರಿಸಿದ ಗೌಂಡಿಗೆ ಫೋನ್ ಮಾಡಿದೆ. "ಅಕ್ಕೋರ, ಅದು ಕಲ್ಲಿನ ಗೆರಿ ಇರತೈತ್ರಿ. ಸಂಜಿಕ ಬಂದು ಪೇಸ್ಟ್ ತುಂಬತೀನಿ, ಕಾಣಂಗಿಲ್ಲ" ಅಂದ.

ನನ್ನ ಮೊದಲ ಮಾತು ಇಲ್ಲೇ: ತುಂಬಲು ಬಿಡಬೇಡಿ. ಒಮ್ಮೆ ತುಂಬಿ ಉಜ್ಜಿಬಿಟ್ಟರೆ ಅದು ಬಿರುಕಾಗಿತ್ತೋ, ಕಲ್ಲಿನದೇ ಗೆರೆಯೋ ಅಂತ ಹೇಳುವುದು ಕಷ್ಟ. ಮೊದಲು ನೀವೇ ನೋಡಿ. ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು.

ನಮ್ಮ ಕಟ್ಟೆಯಲ್ಲಿ ಕಿಟಕಿ ಕೆಳಗೆ ಇನ್ನೊಂದು ಗೆರೆ ಇತ್ತು. ಗೇಣುದ್ದ, ಕಪ್ಪು. ನೋಡಿದರೆ ಇದೇ ಹೆಚ್ಚು ಹೆದರಿಸುವಂತಿತ್ತು. ಆದರೆ ಉಗುರನ್ನು ಅಡ್ಡ ಎಳೆದರೆ ಎಲ್ಲೂ ತಡೆಯಲಿಲ್ಲ. ಹಿಟ್ಟು ಸವರಿ ಒರೆಸಿದರೆ ನಿಲ್ಲಲಿಲ್ಲ. ಅದು ಕಲ್ಲಿನ ಜೊತೆಗೇ ಹುಟ್ಟಿದ್ದು. ಗ್ರಾನೈಟ್ ಅಂದರೆ ಕರಗಿದ್ದ ಬಂಡೆ ಭೂಮಿಯೊಳಗೆ ನಿಧಾನವಾಗಿ ಆರಿ ಹರಳುಗಟ್ಟಿದ್ದು. ಹರಳಿಗೆ ಹರಳು ಕೂಡುವ ಕಡೆ ಇಂಥ ಗೆರೆ ಸಹಜ.

ಸಿಂಕಿನ ಮೂಲೆಯದು ಬೇರೆ. ಉಗುರು ಟಕ್ ಅಂತ ಸಿಕ್ಕಿಕೊಂಡಿತು. ಒದ್ದೆ ಬಟ್ಟೆ ಆಡಿಸಿದೆ. ಸುತ್ತಲೂ ಒಣಗಿದರೂ ಗೆರೆ ಮಾತ್ರ ಕಪ್ಪಗೆ ಉಳಿಯಿತು. ಕೆಲವು ಸಹಜ ಗೆರೆಗಳೂ ಸ್ವಲ್ಪ ನೀರು ಹೀರುತ್ತವೆ, ಹಾಗಾಗಿ ಇದೊಂದನ್ನೇ ನಂಬಬೇಡಿ. ಗೆರೆಯ ಎರಡು ಬದಿ ಒಂದೇ ಮಟ್ಟದಲ್ಲಿ ಇವೆಯಾ ಅಂತ ಬೆರಳಾಡಿಸಿ. ಏರುಪೇರು ಇದ್ದರೆ ಒಡೆದಿದೆ ಅಂತಲೇ ಲೆಕ್ಕ. ಆಮೇಲೆ ಟಾರ್ಚ್ ಹಿಡಿದು ಸಿಂಕಿನ ಕೆಳಗೆ ತಲೆ ಹಾಕಿದೆ. ತಳದಲ್ಲೂ ಅದೇ ಗೆರೆ.

ನನ್ನ ತಮ್ಮ ಇಳಕಲ್ಲಿನಲ್ಲಿ ಪಾಲಿಶ್ ಕೆಲಸ ಮಾಡುತ್ತಾನೆ. ಭಾನುವಾರ ಬಂದವನು ಚಹಾ ಕೂಡ ಕುಡಿಯದೆ ಬೀಗದ ಕೈಯಿಂದ ಕಟ್ಟೆ ತಟ್ಟುತ್ತಾ ಹೋದ. "ಯಕ್ಕಾ, ಕೇಳು." ಒಲೆಯ ಹತ್ತಿರ ಗಟ್ಟಿ ಸದ್ದು. ಸಿಂಕಿನ ಮುಂದೆ ಬಂದ ಕೂಡಲೇ ಡಬ್ ಡಬ್, ಖಾಲಿ ಡಬ್ಬಿ ಬಡಿದ ಹಾಗೆ. ನಮ್ಮ ಕಡೆ ಕೆಳಗೆ ಕಡಪಾ ಕಲ್ಲು ಹಾಸಿ, ಸಿಮೆಂಟ್ ಗಾರೆ ಹಾಕಿ, ಅದರ ಮೇಲೆ ಗ್ರಾನೈಟ್ ಕೂರಿಸುತ್ತಾರಲ್ವಾ? ಅಲ್ಲಿ ಗಾರೆ ಸರಿಯಾಗಿ ತುಂಬಿರಲಿಲ್ಲ.

ಅದು ಒಂದು ಕಾರಣ. ಇನ್ನೊಂದನ್ನು ಬೆರಳಿಟ್ಟು ತೋರಿಸಿದ. ಸಿಂಕಿಗೆ ಕಲ್ಲು ಕೊರೆಯುವ ಬ್ಲೇಡ್ ದುಂಡಗಿರುತ್ತದೆ. ಎರಡು ಕಡೆಯಿಂದ ಕೊರೆದು ಮೂಲೆ ಚೌಕ ಮಾಡಲು ಹೋದರೆ ಬ್ಲೇಡ್ ಮೂಲೆ ದಾಟಿ ಮುಂದಕ್ಕೆ ಗೀರುತ್ತದೆ. ಆ ಗೀರಿನಿಂದಲೇ ಬಿರುಕು ಹೊರಡುತ್ತದೆ. ಮೂಲೆಯಲ್ಲಿ ಮೊದಲು ದುಂಡು ತೂತು ಕೊರೆದು ಆಮೇಲೆ ಕತ್ತರಿಸಿದರೆ ಈ ತಾಪತ್ರಯ ಇಲ್ಲ. ಇನ್ನೂ ಕೊರೆಸದವರು ಇಷ್ಟನ್ನಂತೂ ಹೇಳಿ ಮಾಡಿಸಿ.

ನಾನು ಆರು ಸಾವಿರ ಬಾಕಿ ಉಳಿಸಿಕೊಂಡಿದ್ದೆ. ಅದಕ್ಕೇ ಗೌಂಡಿ ಮಾರನೇ ದಿನವೇ ಬಂದ. ಪೂರ್ತಿ ಕೊಟ್ಟಿದ್ದರೆ ಬರುತ್ತಿದ್ದನೋ ಇಲ್ಲವೋ. ಬಿಲ್ ಇಟ್ಟುಕೊಳ್ಳಿ, ಮಾತುಕತೆಯನ್ನು ವಾಟ್ಸಾಪಿನಲ್ಲಿ ಬರೆದೇ ಮಾಡಿ. ಯಾರೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಬದಲಿಸಬೇಕಾ, ದುರಸ್ತಿ ಸಾಕಾ? ಬಿರುಕು ಮುಂದಿನ ಅಂಚಿನಿಂದ ಹಿಂದಿನ ಗೋಡೆಯವರೆಗೆ ಹೋಗಿ ಮಟ್ಟವೂ ತಪ್ಪಿದ್ದರೆ ಆ ತುಂಡನ್ನು ತೆಗೆಸಿಬಿಡಿ. ನನ್ನದು ಮೂರು ಇಂಚು, ಅಂಚು ಮುಟ್ಟಿರಲಿಲ್ಲ. ಕಿತ್ತರೆ ಪಕ್ಕದ ಕಲ್ಲೂ ಒಡೆಯಬಹುದು, ಬೇರೆ ಚಪ್ಪಡಿಯ ಬಣ್ಣ ಹೊಂದುವುದೂ ಅನುಮಾನ. ದುರಸ್ತಿಗೆ ಒಪ್ಪಿದೆ, ಆದರೆ ನಾನು ಹೇಳಿದ ಕ್ರಮದಲ್ಲಿ. ಮೊದಲು ಕೆಳಗಿನ ಆಧಾರ. ಸಿಂಕಿನ ಭಾರ ಕಲ್ಲಿಗೆ ಜೋತು ಬಿದ್ದಿತ್ತು, ಅದರ ಕೆಳಗೆ ಕಬ್ಬಿಣದ ಚೌಕಟ್ಟು ಕೊಡಿಸಿದೆ. ಪೊಳ್ಳು ಇದ್ದ ಕಡೆ ಗಾರೆ ತುಂಬಿಸಿದೆ. ಮೂಲೆಯನ್ನು ಉಜ್ಜಿ ದುಂಡಗೆ ಮಾಡಿಸಿದೆ. ಎರಡು ದಿನ ಆ ಜಾಗಕ್ಕೆ ನೀರು ತಾಗಿಸಲಿಲ್ಲ. ಒದ್ದೆ ಬಿರುಕಿಗೆ ಅಂಟು ಹಿಡಿಯುವುದಿಲ್ಲ. ಕೆಳಗಿನಿಂದ ಟೇಪ್ ಹಚ್ಚಿ, ಮೇಲಿನಿಂದ ನೀರಿನಂತೆ ತೆಳ್ಳಗಿನ ಎಪಾಕ್ಸಿ ಅಂಟು ಬಿಟ್ಟರು. ಅದು ತಾನಾಗಿ ಒಳಗೆ ಇಳಿಯಿತು. ಗಟ್ಟಿ ಪೇಸ್ಟ್ ಆಗಿದ್ದರೆ ಮೇಲೇ ಕೂತಿರುತ್ತಿತ್ತು. ತಳಕ್ಕೆ ಕಡಪಾ ಪಟ್ಟಿ ಅಂಟಿಸಿದ ಮೇಲೆಯೇ ಬಾಕಿ ಕೊಟ್ಟಿದ್ದು.

ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಯಾರನ್ನೂ ಕರೆಯಬೇಕಿಲ್ಲ. ಕುಕ್ಕರ್ ತಗುಲಿ ನಮ್ಮದೂ ಕಡಲೆಕಾಳಿನಷ್ಟು ಹಾರಿತ್ತು. ಹಾರಿದ ಚೂರು ಸಿಕ್ಕರೆ ಎಸೆಯಬೇಡಿ, ಅದನ್ನೇ ಅಂಟಿಸುವುದು ಎಲ್ಲಕ್ಕಿಂತ ಚಂದ. ಸಿಗಲಿಲ್ಲವಾ? ಅದೇ ಕಲ್ಲಿನ ಸಣ್ಣ ಚೂರನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿ. ಮೂಗಿಗೆ ಮಾಸ್ಕ್ ಇರಲಿ, ಕಲ್ಲಿನ ಪುಡಿ ಪುಪ್ಪುಸಕ್ಕೆ ಕೆಟ್ಟದ್ದು. ಚಕ್ಕೆ ಎದ್ದ ಜಾಗವನ್ನು ಜಿಡ್ಡು ತೆಗೆಯುವ ಅಸಿಟೋನ್ ದ್ರಾವಣ ಹಚ್ಚಿದ ಹತ್ತಿಯಿಂದ ಒರೆಸಿ ಒಣಗಿಸಿ. ಸುತ್ತ ಟೇಪ್ ಹಚ್ಚಿ. ಅರಾಲ್ಡೈಟ್ ಅನ್ನುವ ಎಪಾಕ್ಸಿ ಅಂಟಿನ ಎರಡೂ ಟ್ಯೂಬಿನಿಂದ ಸಮ ಸಮ ತೆಗೆದು, ಪುಡಿ ಸೇರಿಸಿ, ಬೆಂಕಿಕಡ್ಡಿಯಿಂದ ಚೆನ್ನಾಗಿ ಕಲಸಿ. ಮಟ್ಟಕ್ಕಿಂತ ಒಂದಿಷ್ಟು ಉಬ್ಬುವಂತೆ ತುಂಬಿ. ಮಾರನೇ ದಿನ ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಉಬ್ಬನ್ನು ಕೆರೆಯಿರಿ. ನಾನು ಅವಸರದಲ್ಲಿ ಸಂಜೆಗೇ ಕೆರೆದೆ, ಮುದ್ದೆ ಮುದ್ದೆಯಾಗಿ ಕಿತ್ತು ಬಂತು. ಮತ್ತೆ ಮೊದಲಿನಿಂದ ಮಾಡಿದೆ. ಈ ಅಂಟು ಸ್ವಲ್ಪ ಹಳದಿ. ಕೆಂಪು, ಕಪ್ಪು ಕಲ್ಲಿಗೆ ನಡೆಯುತ್ತದೆ, ಬಿಳಿಗೆ ಬೇಡ. ತುಂಬಿದ ಜಾಗದಲ್ಲಿ ಬಿಸಿ ಪಾತ್ರೆ ಇಡಬೇಡಿ.

ಸಾಸಿವೆಗಿಂತ ಸಣ್ಣ ಗುಳಿಗಳು ಗ್ರಾನೈಟಿನಲ್ಲಿ ಇದ್ದೇ ಇರುತ್ತವೆ, ಬಿಟ್ಟುಬಿಡಿ. ಸಿಂಕಿನ ಸುತ್ತ ಹೊಸದರಲ್ಲಿ ಕಪ್ಪು ಛಾಯೆ ಕಂಡರೆ ಗಾರೆಯ ನೀರು ಇನ್ನೂ ಆರಿಲ್ಲ ಅಂತ, ಕೆಲವು ವಾರ ಕಾಯಿರಿ. ಕಪ್ಪು ಕಲ್ಲು ಕೊಳ್ಳುವವರು ಮೂಲೆಯಲ್ಲಿ ಅಸಿಟೋನ್ ಬಟ್ಟೆ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಬಣ್ಣ ಹಚ್ಚಿದ್ದಾರೆ. ಮಾರ್ಬಲ್ ಮೇಲೆ ನಿಂಬೆರಸವೋ ಹುಣಸೆಯೋ ಬಿದ್ದು ಮಂಕಾದರೆ ಅದು ಕಲೆಯಲ್ಲ, ಹುಳಿ ಕಲ್ಲನ್ನೇ ತಿಂದಿದೆ. ತೊಳೆದರೆ ಹೋಗದು, ಪಾಲಿಶೇ ಆಗಬೇಕು. ಕಡಪಾಕ್ಕೂ ಇದೇ ಕಾಟ. ಟೈಲ್ಸಿನ ಸಿಮೆಂಟ್ ತೆಗೆಯಲು ಆ್ಯಸಿಡ್ ಸುರಿಯುವ ದಿನ ಕಟ್ಟೆಗೆ ಪ್ಲಾಸ್ಟಿಕ್ ಹೊದಿಸಿ.

ಇನ್ನು ಸಂದು. ಇಳಕಲ್ ಸೀರೆಯಲ್ಲಿ ಸೆರಗನ್ನು ಮೈಗೆ ಕೊಂಡಿ ಹಾಕಿ ಜೋಡಿಸುತ್ತಾರೆ, ಅದೇ ಊರಿನ ಕಲ್ಲನ್ನು ಮಾತ್ರ ನಮ್ಮವರು ಬಿಳಿ ಸಿಮೆಂಟ್ ಬಳಿದು ಕೂಡಿಸಿಬಿಡುತ್ತಾರೆ. ವರ್ಷದೊಳಗೆ ಅದು ಉದುರಿ ಸಂದಿನಲ್ಲಿ ಇರುವೆ. ಕಲ್ಲಿನ ಬಣ್ಣದ ಎಪಾಕ್ಸಿಯನ್ನೇ ಕೇಳಿ.

ಸಿಂಕಿಗೆ ಕೊರೆದು ತೆಗೆದ ತುಂಡನ್ನೂ ಕೇಳಿ ಇಸಿದುಕೊಳ್ಳಿ. ಮುಂದೆ ಪುಡಿಗೂ ಆಯಿತು, ಯಾವುದೇ ದ್ರಾವಣ ಹಚ್ಚಿ ನೋಡಲೂ ಆಯಿತು. ನಮ್ಮದನ್ನು ತಮ್ಮ ಅಂಚು ಉಜ್ಜಿ ತಂದುಕೊಟ್ಟ. ಅದರ ಮೇಲೆ ಹೋಳಿಗೆ ಲಟ್ಟಿಸುತ್ತೇನೆ.